ಸಂತೆಯ ತಾಮ್ರ, ವಿಜಯದ ತಾಮ್ರ

ಹಳೆಯ ನಾಣ್ಯವೆಂದೊಡನೆ ನಮ್ಮ ಮನಸ್ಸು ಹೊನ್ನಿನ ಕಡೆಗೆ ಓಡುತ್ತದೆ. ವರಾಹ, ಹಣ, ಮೊಹರು ಎಂಬ ಮಾತುಗಳಲ್ಲಿಯೇ ಒಂದು ಮಿನುಗು ಉಂಟು. ತಾಮ್ರದ ಕಾಸಿಗೆ ಆ ಭಾಗ್ಯವಿಲ್ಲ. ಪೆಟ್ಟಿಗೆಯ ತಳದಲ್ಲಿ ಕಿಲುಬು ಹಿಡಿದು ಬಿದ್ದದ್ದು ಎಂದಾದರೂ ಕೈಗೆ ಸಿಕ್ಕಿದರೆ ಮಕ್ಕಳ ಆಟಕ್ಕೆ ಹೋಗುತ್ತದೆ, ಇಲ್ಲವೆ ಹಳೇ ಪಾತ್ರೆ ಕೊಳ್ಳುವವನ ತಕ್ಕಡಿ ಏರುತ್ತದೆ. ಆದರೆ ಚರಿತ್ರೆಯನ್ನು ಕೈಯಲ್ಲಿ ಹಿಡಿದು ನೋಡಬಯಸುವವರು ಹೊನ್ನಿಗಿಂತ ಮೊದಲು ತಾಮ್ರವನ್ನು ಆರಿಸಿಕೊಳ್ಳುವುದು ಲೇಸು. ವರಾಹವು ಬೊಕ್ಕಸದಿಂದ ಸಾಹುಕಾರನ ಪೆಟ್ಟಿಗೆಗೆ ಹೋಗಿ ಬಹುಕಾಲ ಅಲ್ಲಿಯೇ ಮಲಗಿರುತ್ತಿತ್ತು. ಕಾಸು ಉಪ್ಪಿಗೆ, ಎಲೆಯಡಿಕೆಗೆ, ಹೊತ್ತಿನ ಕೂಲಿಗೆ ಕೈಯಿಂದ ಕೈಗೆ ನಡೆಯುತ್ತಿತ್ತು.

ಮೈಸೂರಿನ ತಾಮ್ರದ ನಾಣ್ಯಗಳನ್ನೇ ನೋಡೋಣ. ಅವುಗಳ ಮೇಲೆ ಎದ್ದು ಕಾಣುವ ಪ್ರಾಣಿ ಆನೆ. ಒಡೆಯರ ಕಾಲದ ಕಾಸುಗಳಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಅಡ್ಡ ಉದ್ದ ಗೆರೆಗಳ ಚೌಕುಳಿ. ಮುಂದೆ ಹೈದರಾಲಿ ರಾಜ್ಯದ ಸೂತ್ರ ಹಿಡಿದ. 1763ರಲ್ಲಿ ಬಿದನೂರು ಕೈವಶವಾದ ಮೇಲೆ ಅವನು ಇಕ್ಕೇರಿ ವರಾಹದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮಾತ್ರ ಹಾಕಿಸಿದ. ತಾಮ್ರದಲ್ಲಿಯೂ ಅದೇ ನೀತಿ: ಆನೆಯನ್ನು ಅವನು ಕೈಬಿಡಲಿಲ್ಲ.

1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪುವಿನ ಸ್ವಭಾವವೇ ಬೇರೆ. ಅಳತೆ, ತೂಕ, ತಿಂಗಳು, ಊರಿನ ಹೆಸರು ಯಾವುದನ್ನೂ ಹೊಸದು ಮಾಡದೆ ಬಿಟ್ಟವನಲ್ಲ. ನಾಣ್ಯಗಳಲ್ಲಿಯೂ ಆ ಉತ್ಸಾಹ ತುಂಬಿ ತುಳುಕುತ್ತದೆ. 1787ರ ಸುಮಾರಿಗೆ ಹಿಜರಿ ಶಕವನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕ ಹೂಡಿದ. ಅದರ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಯಿತು, ಧಾರವಾಡ ಖುರ್ಷಿದ್ ಸವಾದ್ ಆಯಿತು. ಕಾಸುಗಳಿಗೆ ಆಕಾಶದಿಂದ ಹೆಸರು ಬಂತು: ಎರಡು ಪೈಸೆಯದು ಮುಷ್ತರಿ ಎಂದರೆ ಗುರು, ಒಂದು ಪೈಸೆಯದು ಜೊಹರಾ ಎಂದರೆ ಶುಕ್ರ, ಅರೆ ಪೈಸೆಯದು ಬಹ್ರಾಮ್ ಎಂದರೆ ಮಂಗಳ. ಇಷ್ಟೆಲ್ಲ ಬದಲಾಯಿಸಿದವನು ಆನೆಯನ್ನು ಮಾತ್ರ ಮುಟ್ಟಲಿಲ್ಲ. ಹುಲಿ ಅವನ ಅಚ್ಚುಮೆಚ್ಚಿನ ಲಾಂಛನ. ಸಿಂಹಾಸನದಲ್ಲಿ, ಸಿಪಾಯಿಗಳ ಉಡುಪಿನಲ್ಲಿ, ಫಿರಂಗಿಯ ಬಾಯಲ್ಲಿ ಅದೇ. ಆದರೆ ಸುಮಾರು 11 ಗ್ರಾಂ ತೂಗುವ ಪೈಸೆಯ ಮೇಲೆ ನಡೆದುಬಂದದ್ದು ಆನೆಯೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರಾಗಿ ಪಟ್ಟವೇರಿದರು, ಪೂರ್ಣಯ್ಯನವರು ದಿವಾನರಾಗಿ ಆಡಳಿತ ನಡೆಸಿದರು. ಹೊಸ ತಾಮ್ರದ ಕಾಸಿನಲ್ಲಿ ಮತ್ತೆ ಆನೆ. ಅದರ ಬೆನ್ನ ಮೇಲೆ ಸೂರ್ಯಚಂದ್ರರ ನಡುವೆ ಕನ್ನಡದ ‘ಶ್ರೀ’. ಆಮೇಲೆ ‘ಶ್ರೀ ಚಾಮುಂಡಿ’ ಎಂಬ ಅಕ್ಷರಗಳು ಬಂದವು. ಹಿಂಬದಿಯಲ್ಲಿ ‘ಮಯಿಲಿ ಕಾಸು 20’ ಎಂದು ಕನ್ನಡ, ಜೊತೆಗೆ ಪಾರಸಿ, ಇಂಗ್ಲಿಷ್. ಮೂರು ಭಾಷೆಗಳು ಒಂದು ಕಾಸಿನ ಮೇಲೆ ಇಕ್ಕಟ್ಟಾಗಿ ಕುಳಿತಿರುವುದನ್ನು ನೋಡಿದರೆ ಆ ಕಾಲದ ರಾಜಕಾರಣವೆಲ್ಲ ಕಣ್ಣಿಗೆ ಕಟ್ಟುತ್ತದೆ. 1830ರ ದಶಕದಲ್ಲಿ ಆನೆಯ ಜಾಗಕ್ಕೆ ಸಿಂಹ ಬಂತು. 1843ರಲ್ಲಿ ಮೈಸೂರಿನ ಟಂಕಸಾಲೆಯೇ ಮುಚ್ಚಿತು.

ಅರಸರು ಬದಲಾದರೂ ಆನೆ ಇಷ್ಟು ಕಾಲ ಏಕೆ ಉಳಿಯಿತು? ಕಾಸು ನಡೆಯಬೇಕಾದರೆ ಸಂತೆ ಅದನ್ನು ಒಪ್ಪಬೇಕು. ಪಾರಸಿ ಓದಲಾರದ ರೈತನೂ ಕನ್ನಡ ಓದಲಾರದ ಸಿಪಾಯಿಯೂ ಆನೆಯನ್ನು ಗುರುತಿಸಬಲ್ಲರು. ಅರಸನಿಗೆ ಎಷ್ಟೇ ಅಧಿಕಾರವಿರಲಿ, ತಾಮ್ರವನ್ನು ಅಚ್ಚಿಗೆ ಹಾಕುವಾಗ ಸೊಪ್ಪು ಮಾರುವವಳ ಕಣ್ಣನ್ನೂ ಅವನು ನೆನೆಯಬೇಕಾಗುತ್ತಿತ್ತು ಎಂದು ನಮಗೆ ತೋರುತ್ತದೆ.

ಈ ಮಾತು ಇನ್ನಷ್ಟು ಸ್ಪಷ್ಟವಾಗಬೇಕಾದರೆ ಅದೇ ಶ್ರೀರಂಗಪಟ್ಟಣದ ಹೆಸರಿನಲ್ಲಿ ಹುಟ್ಟಿದ ಇನ್ನೊಂದು ಬಿಲ್ಲೆಯನ್ನು ಪಕ್ಕದಲ್ಲಿಡಬೇಕು. ಗೆಲುವಿನ ನೆನಪಿಗೆಂದು ಈಸ್ಟ್ ಇಂಡಿಯಾ ಕಂಪೆನಿ ಒಂದು ಪದಕ ಮಾಡಿಸಿತು. ಚಿತ್ರ ಕೊರೆದವನು ಕ್ಯುಕ್ಲರ್. ಅಚ್ಚಾದದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ. ಮೇಲಧಿಕಾರಿಗಳಿಗೆ ಚಿನ್ನ, ಆಮೇಲೆ ಬೆಳ್ಳಿ, ಕೆಳದರ್ಜೆಯವರಿಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ ಎಂದು ಲೋಹದಲ್ಲಿಯೇ ಅಂತಸ್ತು ನಿಗದಿಯಾಗಿತ್ತು. ಅದರ ಮೇಲೆ ಬ್ರಿಟಿಷ್ ಸಿಂಹವೊಂದು ಹುಲಿಯನ್ನು ಕೆಡವಿ ನಿಂತಿದೆ. ಹಿಂದಿನ ಬಾವುಟದಲ್ಲಿ ‘ದೇವರ ವಿಜಯಶಾಲಿ ಸಿಂಹ’ ಎಂಬರ್ಥದ ಅರಬ್ಬಿ ಬರಹ. ವಿಚಿತ್ರವೆಂದರೆ ಅದೇ ವಾಕ್ಯವನ್ನು ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸಿಕೊಂಡಿದ್ದ. ಸೋತವನ ಕೋಟೆಯ ಜೊತೆಗೆ ಅವನ ಮಾತನ್ನೂ ಗೆದ್ದವರು ತೆಗೆದುಕೊಂಡರು.

ಈ ಪದಕ ಯಾವ ಸಂತೆಯನ್ನೂ ಕೇಳಬೇಕಾಗಿರಲಿಲ್ಲ. ಅದರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ಕಾಸು ಜನರೊಡನೆ ಮಾತನಾಡುತ್ತದೆ. ಪದಕ ಗೆದ್ದವನು ತನ್ನೊಡನೆ ತಾನೇ ಆಡಿಕೊಳ್ಳುವ ಮಾತು. ಸಂಗ್ರಹಕಾರನಿಗೆ ಎರಡೂ ಬೇಕು, ಆದರೆ ಎರಡನ್ನೂ ಒಂದೇ ಬಗೆಯಾಗಿ ನಂಬಬಾರದು.

ಇವೆರಡಕ್ಕೂ ಸೇರದ ತಾಮ್ರವೂ ಉಂಟು. ಮದರಾಸು ಪ್ರಾಂತಕ್ಕೆಂದು ಸೋಹೋದಲ್ಲಿಯೇ ಅಚ್ಚಾದ 1808ರ 10 ಮತ್ತು 20 ಕಾಸಿನ ನಾಣ್ಯಗಳನ್ನು ಹೊತ್ತ ‘ಅಡ್ಮಿರಲ್ ಗಾರ್ಡನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯ ಗುಡ್‌ವಿನ್ ಮರಳದಿಣ್ಣೆಗೆ ಬಡಿದು ಮುಳುಗಿತು. 1980ರ ದಶಕದಲ್ಲಿ ಆ ನಾಣ್ಯಗಳನ್ನು ಲಕ್ಷಗಟ್ಟಲೆ ಮೇಲೆತ್ತಿದರು. ಅವುಗಳಲ್ಲಿ ಹಲವು ಇಂದಿಗೂ ಅಚ್ಚಿನಿಂದ ಈಗ ತಾನೇ ಬಂದಂತಿವೆ. ನೋಡಲು ಚೆಲುವು, ಆದರೆ ಒಂದು ಹಿಡಿ ಉಪ್ಪನ್ನೂ ಕೊಳ್ಳದ ಕಾಸುಗಳು ಅವು. ಅವುಗಳ ಪಕ್ಕದಲ್ಲಿ ಆನೆಯ ಸೊಂಡಿಲು ಸವೆದುಹೋದ ಪಟ್ಟಣದ ಪೈಸೆಯನ್ನು ಇಟ್ಟರೆ, ಸವೆತವೇ ಒಂದು ಬರಹವೆಂಬುದು ತಿಳಿಯುತ್ತದೆ.

ಆ ಬರಹವನ್ನು ನಮ್ಮ ಕೈಯಾರೆ ಅಳಿಸುತ್ತಿದ್ದೇವೆ ಎಂಬುದೇ ದುಃಖದ ಸಂಗತಿ. ದೇವರ ಪಾತ್ರೆಯಂತೆ ಕಾಸನ್ನೂ ಹುಣಿಸೆಹಣ್ಣು ಹಚ್ಚಿ ತಿಕ್ಕುವವರಿದ್ದಾರೆ. ಹುಳಿ ಕಿಲುಬನ್ನಷ್ಟೇ ತೆಗೆಯುವುದಿಲ್ಲ, ಮೇಲ್ಮೈಯನ್ನೂ ತಿನ್ನುತ್ತದೆ. ಇನ್ನೂರು ವರ್ಷ ಉಳಿದ ಅಕ್ಷರ ಅರ್ಧ ಗಂಟೆಯಲ್ಲಿ ಮಾಯವಾಗುತ್ತದೆ. ಕಾಸನ್ನು ಅಂಚಿನಲ್ಲಿ ಹಿಡಿದು, ತೇವ ತಾಗದ ಕಾಗದದ ಲಕ್ಕೋಟೆಯಲ್ಲಿಟ್ಟು, ಎಲ್ಲಿ ಯಾರಿಂದ ದೊರೆಯಿತೆಂದು ಅದರ ಮೇಲೆ ಬರೆದಿಟ್ಟರೆ ಸಾಕು. ಊರಿನ ಹೆಸರು ಕಳೆದುಕೊಂಡ ನಾಣ್ಯ ಅರ್ಧ ಮೂಕವಾದಂತೆ. ನೆಲದಲ್ಲಿ ಹೂತ ನಿಧಿ ಸಿಕ್ಕಿದರೆ, ಅದರ ಬೆಲೆ 10 ರೂಪಾಯಿ ಮೀರಿದ್ದರೆ ಸರಕಾರಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆಯೇ ಹೇಳುತ್ತದೆ. ನೂರು ವರ್ಷ ಮೀರಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪ್ರಾಚೀನ ವಸ್ತು. ಖಾಸಗಿಯವರು ಅದನ್ನು ದೇಶದಾಚೆ ಸಾಗಿಸುವಂತಿಲ್ಲ.

ಇನ್ನು ಪೇಟೆಯ ಮೋಸ. ಒಂದು ಕಡೆ ಶ್ರೀರಾಮ ಪಟ್ಟಾಭಿಷೇಕ ಅಥವಾ ಹನುಮಂತ, ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪೆನಿ, ಅರ್ಧ ಆಣೆ, 1818’ ಎಂದಿರುವ ಬಿಲ್ಲೆಗಳನ್ನು ಭಾರಿ ಬೆಲೆಗೆ ಮಾರುವವರುಂಟು. 1818ರಲ್ಲಿ ಬಂಗಾಳ, ಬೊಂಬಾಯಿ, ಮದರಾಸುಗಳಿಗೆ ಬೇರೆ ಬೇರೆ ನಾಣ್ಯಗಳಿದ್ದವು. ಕಂಪೆನಿಯ ಏಕರೂಪದ ನಾಣ್ಯ ಬಂದದ್ದು 1835ರಲ್ಲಿ. ಹೀಗೆ ದೇವರ ಚಿತ್ರವಿರುವ ಅರ್ಧ ಆಣೆಯನ್ನು ಕಂಪೆನಿ ಎಂದೂ ಹೊರಡಿಸಲಿಲ್ಲ. ಭಕ್ತಿಗಾಗಿ ಪೂಜೆಯ ಪೀಠದಲ್ಲಿಟ್ಟರೆ ಯಾರ ಆಕ್ಷೇಪವೂ ಇಲ್ಲ. ಚರಿತ್ರೆಯೆಂದು ನಂಬಿ ಸಾಲ ಮಾಡಿ ಕೊಂಡರೆ ಮನೆ ಮುಳುಗುತ್ತದೆ. ಹಳೆಯ ನಾಣ್ಯದ ವ್ಯಾಪಾರದ ಹೆಸರಿನಲ್ಲಿ ನಡೆಯುವ ವಂಚನೆಗಳ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಜನರನ್ನು ಎಚ್ಚರಿಸಿದೆ.

ಒಳ್ಳೆಯ ಸರಕನ್ನು ಕನ್ನಡದಲ್ಲಿ ‘ನಾಣ್ಯವಾದದ್ದು’ ಎನ್ನುತ್ತೇವೆ. ಆ ಮಾತು ಹುಟ್ಟಿದ್ದು ಹೊನ್ನಿನ ಮಿನುಗಿನಿಂದಲ್ಲ, ಹತ್ತು ಕೈ ದಾಟಿಯೂ ಸಲ್ಲುವ ಗುಣದಿಂದ ಎಂದು ಭಾವಿಸಿಕೊಳ್ಳಲು ಮನಸ್ಸು ಬಯಸುತ್ತದೆ. ಆ ಗುಣಕ್ಕೆ ಸವೆದ ಆನೆ ಕಾಸಿಗಿಂತ ಬೇರೆ ಸಾಕ್ಷಿ ಬೇಡ. ಅದು ಮನೆಯಲ್ಲಿದ್ದರೆ ತಿಕ್ಕಬೇಡಿ, ಕರಗಿಸಬೇಡಿ. ಹೆಸರು ಬರೆದಿಡದೆ ಹೋದ ಸಾವಿರಾರು ಜನರ ಬೆರಳಿನ ಗುರುತು ಉಳಿದಿರುವುದು ಅದರಲ್ಲಿಯೇ.