ಬಚ್ಚಲ ನೀರಿಗೆ ಬೇರೆ ದಾರಿ ಇತ್ತು | ನಮ್ಮ ಸೀಮೆ ಚರಿತ್ರೆ, ಭಾಗ 9

1/5
ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಹಳೇ ಮನೆ ಇನ್ನೂ ಉಳಿದಿದ್ರೆ ಸೀದಾ ಹಿತ್ತಲಿಗೆ ಹೋಗಿ ನೋಡಿ. ಬಚ್ಚಲ ಗೋಡೆಯಲ್ಲಿ ಒಂದು ತೂತು, ಅದರ ಕೆಳಗೆ ಮೋರಿ, ಮೋರಿ ಮುಗಿಯೋ ಕಡೆ ಬಾಳೆ, ಇಲ್ಲಾ ಕೆಸವು. ಅಕ್ಕಿ ತೊಳೆದ ನೀರು, ಗಂಜಿ ಎಲ್ಲ ಕಲಗಚ್ಚಾಗಿ ದನಕ್ಕೆ. ಯಾವ ನೀರೂ ಮಲದ ಜೊತೆ ಸೇರ್ತಿರಲಿಲ್ಲ.

ಹಾಗಂತ ಹಳೇ ಕಾಲವೇ ಚೆನ್ನಾಗಿತ್ತು ಅಂತಲ್ಲ. ಸೇರೋದಕ್ಕೆ ಹೆಚ್ಚಿನ ಹಳ್ಳಿ ಮನೆಗಳಲ್ಲಿ ಕಕ್ಕಸೇ ಇರಲಿಲ್ಲ, ಜನ ಬಯಲಿಗೆ ಹೋಗ್ತಿದ್ರು. ಹಿತ್ತಲಿಲ್ಲದ ಮನೆಯ ಬಚ್ಚಲ ನೀರು ಬೀದಿಗೇ ಹರೀತಿತ್ತು.

2/5
ಯಳಂದೂರು ಮೈಸೂರು ಸಂಸ್ಥಾನದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು. ಕೊಳ್ಳೇಗಾಲ, ಆಗ ಅದೇ ತಾಲ್ಲೂಕಿಗೆ ಸೇರಿದ್ದ ಹನೂರು, 1956ರವರೆಗೆ ಮದ್ರಾಸ್ ಕಡೆಯ ಕೊಯಮತ್ತೂರು ಜಿಲ್ಲೆ. ಮೂರೂ ಇವತ್ತಿನ ಚಾಮರಾಜನಗರ ಜಿಲ್ಲೆಗೆ ಬಂದದ್ದು 1997ರಲ್ಲಿ. ಕಂದಾಯ ಕಟ್ಟೋ ಸರ್ಕಾರ ಬೇರೆ ಬೇರೆ ಇತ್ತು, ಹಿತ್ತಲ ಬಾಳೆಗಿಡಕ್ಕೆ ಗಡಿ ಇರಲಿಲ್ಲ.

3/5
ಈಗ ಗುಂಡಿ ಕಥೆ. ಫ್ರಾನ್ಸಿನ ಮುರಾಸ್ 1881ರಲ್ಲಿ ಇಂಥ ತೊಟ್ಟಿಗೆ ಪೇಟೆಂಟ್ ಪಡೆದ. 1890ರ ದಶಕದಲ್ಲಿ ಇಂಗ್ಲೆಂಡಿನ ಎಕ್ಸೆಟರ್ ನಗರದ ಕ್ಯಾಮೆರಾನ್ ಅದಕ್ಕೆ 'ಸೆಪ್ಟಿಕ್ ಟ್ಯಾಂಕ್' ಅಂತ ಹೆಸರು ಕೊಟ್ಟ. ಕೆಲಸ ಸರಳ: ಗಟ್ಟಿ ತಳಕ್ಕೆ ಕೂರುತ್ತೆ, ಜಿಡ್ಡು ಮೇಲೆ ತೇಲುತ್ತೆ, ನಡುವಿನ ತಿಳಿ ಹೊರಗೆ ಹೋಗುತ್ತೆ. ಹಾಗೆ ಕೂರೋಕೆ ಒಂದು ದಿನವಾದ್ರೂ ನೀರು ಅಲುಗದೆ ನಿಲ್ಲಬೇಕು.

ನಮ್ಮ ಹಳ್ಳಿಗಳಿಗೆ ಕಕ್ಕಸು ಬಂದದ್ದು ಹೆಚ್ಚಾಗಿ ಸರ್ಕಾರದ ಯೋಜನೆಗಳಿಂದ: 1986ರ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ, 1999ರ ಸಂಪೂರ್ಣ ಸ್ವಚ್ಛತಾ ಆಂದೋಲನ, 2014ರ ಸ್ವಚ್ಛ ಭಾರತ್. ಆಮೇಲೆ 2019ರಲ್ಲಿ ಜಲ ಜೀವನ್ ಮಿಷನ್, ತಲೆಗೆ ದಿನಕ್ಕೆ 55 ಲೀಟರ್ ನಲ್ಲಿ ನೀರಿನ ಗುರಿ. ಐದು ಜನರ ಮನೆಗೆ 275 ಲೀಟರ್. ಮೂರರಲ್ಲಿ ಎರಡು ಪಾಲು ಸ್ನಾನ, ಬಟ್ಟೆ, ಪಾತ್ರೆ ನೀರಾಗಿ ಹೊರಬಂದ್ರೂ ಸುಮಾರು 180 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಹನ್ನೆರಡು ಕೊಡ! ಕಕ್ಕಸಿಗೆ ಅಂತ ತೆಗೆದ ಸಣ್ಣ ಗುಂಡಿಗೆ ಬಚ್ಚಲ ಪೈಪನ್ನೂ ಸೇರಿಸಿದ್ರೆ ಅಷ್ಟೂ ದಿನಾ ಅಲ್ಲಿಗೇ. ಗಟ್ಟಿ ಕೂರಲ್ಲ, ಕೊಚ್ಚಿಕೊಂಡು ಹೋಗಿ ಇಂಗುಗುಂಡಿಯ ಬಾಯಿ ಕಟ್ಟುತ್ತೆ.

4/5
ಗುಂಡಿ ತುಂಬಿದ್ರೆ ಖಾಲಿ ಮಾಡೋರು ಯಾರು? ಚರಿತ್ರೆಯ ಕಹಿ ಭಾಗ ಇದು. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ನಿಷೇಧಿಸಿದವರು ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ. ಸುರಕ್ಷತೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನ ಇಳಿಸೋದು 2013ರ ಕೇಂದ್ರ ಕಾಯ್ದೆ ಪ್ರಕಾರ ಅಪರಾಧ. ಒಳಗಿನ ವಿಷಗಾಳಿಗೆ ಆಮೇಲೂ ಜನ ಸತ್ತಿದ್ದಾರೆ. ಸತ್ತವರಲ್ಲಿ ಬಹುಪಾಲು ದಲಿತರು. ನಮ್ಮ ಬಚ್ಚಲ ನೀರಿಂದ ಗುಂಡಿ ಬೇಗ ತುಂಬಿದಷ್ಟೂ ಇನ್ನೊಬ್ಬರ ಜೀವ ಅದರ ಬಾಯಿಗೆ ಹತ್ತಿರ ಹೋಗುತ್ತೆ.

5/5
ಈಚೆಗೆ ನರೇಗಾದಲ್ಲಿ ನಮ್ಮ ಪಂಚಾಯ್ತಿಗಳು ಮನೆ ಪಕ್ಕ ತೆಗೆಸಿದ 'ಬಚ್ಚಲು ಗುಂಡಿ' ನೋಡಿರ್ತೀರಿ. ಹಳೇ ಮೋರಿಯ ಬುದ್ಧಿಯೇ, ಹೆಸರೂ ನಮ್ಮದೇ. ಉದ್ದ, ಅಗಲ, ಆಳ ಸುಮಾರು ಒಂದೊಂದು ಮೀಟರ್. ಒಳಗೆ ಕಲ್ಲು, ಇಟ್ಟಿಗೆ ಚೂರು. ನೀರು ಇಳಿಯೋ ಮುಂಚೆ ಜಿಡ್ಡು, ಕಸ ತಡೆಯೋಕೆ ಒಂದು ಚಿಕ್ಕ ಚೇಂಬರ್. ಅದನ್ನ ಆಗಾಗ ತೆಗೆದು ತೊಳೀಬೇಕು. ಕುಡಿಯೋ ನೀರಿನ ಬಾವಿ, ಬೋರ್‌ವೆಲ್‌ನಿಂದ ಹತ್ತು ಮೀಟರಾದ್ರೂ ದೂರ ಇರಲಿ.

ಜಾಗ ನೋಡಿ ಮಾಡಿ. ಗದ್ದೆ ಬಯಲಲ್ಲಿ, ಎರೆ ಮಣ್ಣಲ್ಲಿ ನೀರು ಇಂಗಲ್ಲ. ಅಲ್ಲಿ ಬಾಳೆ, ತೆಂಗಿನ ಬುಡವೇ ವಾಸಿ. ಹನೂರಿನ ಒಣ ನೆಲದಲ್ಲಂತೂ ಆ ಹನ್ನೆರಡು ಕೊಡ ಚಿನ್ನ. ಹಸಿಯಾಗಿ ತಿನ್ನೋ ಸೊಪ್ಪಿಗೆ ಮಾತ್ರ ಬಿಡಬೇಡಿ. ಎಲ್ಲೂ ನಿಲ್ಲೋಕೂ ಬಿಡಬೇಡಿ. ಆನೆಕಾಲು ರೋಗ ಹರಡೋ ಕ್ಯೂಲೆಕ್ಸ್ ಸೊಳ್ಳೆಗೆ ಕೊಳಕು ನೀರೇ ತವರು. ಮಗುವಿನ ಹೇಲುಬಟ್ಟೆ ತೊಳೆದ ನೀರು ಮಾತ್ರ ಕಕ್ಕಸಿಗೇ ಹೋಗಲಿ.

ಹೊಸ ಮನೆ ಕಟ್ಟಿಸ್ತಿದ್ದೀರಾ? ಪ್ಲಂಬರ್ "ಎಲ್ಲ ಒಂದೇ ಪೈಪಿಗೆ ಹಾಕ್ತೀನಿ" ಅಂದ್ರೆ ಬೇಡ ಅನ್ನಿ. ನಿಮ್ಮನೆ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ? ಕಾಮೆಂಟಲ್ಲಿ ಬರೀರಿ.

#ಕೊಳ್ಳೇಗಾಲ #ಹನೂರು #ಯಳಂದೂರು #ಬಚ್ಚಲುಗುಂಡಿ #ನಮ್ಮಸೀಮೆಚರಿತ್ರೆ