ಹಲ್ಲಿನ ಕ್ಯಾಪ್ ಯಾರಪ್ಪನ ಆಸ್ತಿ?

ಈ ವಾರದ ಕಥೆ ಶುರುವಾಗಿದ್ದು ಒಂದು ಕೋಡುಬಳೆಯಿಂದ. ಕಟಕ್ ಅಂತ ಸದ್ದು ಬಂತು. ಮುರಿದದ್ದು ಕೋಡುಬಳೆ ಅಂದ್ಕೊಂಡೆ, ನೋಡಿದ್ರೆ ನನ್ನ ದವಡೆ ಹಲ್ಲು!

ರೂಟ್ ಕೆನಾಲ್ ಆದ್ಮೇಲೆ ಡಾಕ್ಟರ್ ಒಂದು ಚೀಟಿ ಬರೆದುಕೊಟ್ಟರು. ಮೆಟಲ್ ಕ್ಯಾಪ್ 3,000, ಸೆರಾಮಿಕ್ 5,500, ಜಿರ್ಕೋನಿಯಾ 12,000. ಮನೆಗೆ ಬಂದು ತೋರಿಸಿದ್ರೆ ಅಮ್ಮ, "ಅಷ್ಟೊಂದು ದುಡ್ಡು ಯಾಕೆ? ಕೀಳಿಸ್ಬಿಡು" ಅಂದಳು. ಅವಳು ಹಾಗೇ ಅಕ್ಕಪಕ್ಕದ ಎರಡು ಹಲ್ಲು ಕೀಳಿಸಿಕೊಂಡವಳು. ಆರು ವರ್ಷದಿಂದ ಒಂದೇ ಪಕ್ಕದಲ್ಲಿ ಅಗೀತಾಳೆ.

ನಾನು ಬಿಕಾಂ. ಬಿಲ್ ನೋಡಿದ್ರೆ ಅದರ ಹಿಂದಿನ ಕಥೆ ಹುಡುಕೋ ಚಟ. ಹುಡುಕುತ್ತಾ ಹೋದವಳು ಸುಮಾರು 2,700 ವರ್ಷ ಹಿಂದಕ್ಕೆ ಹೋದೆ.

ಇಟಲಿಯಲ್ಲಿ ರೋಮನ್ನರಿಗಿಂತ ಮೊದಲೇ ಬೆಳೆದಿದ್ದ ಜನ ಎಟ್ರಸ್ಕನ್ನರು. ಅವರ ಸಮಾಧಿಗಳಲ್ಲಿ ತೆಳುವಾದ ಚಿನ್ನದ ಪಟ್ಟಿ ಸುತ್ತಿದ ಹಲ್ಲುಗಳು ಸಿಕ್ಕಿವೆ. ಬಿದ್ದುಹೋದ ಹಲ್ಲಿನ ಜಾಗದಲ್ಲಿ ಬೇರೆ ಹಲ್ಲು ಕೂರಿಸಿ, ಪಟ್ಟಿಯಿಂದ ಪಕ್ಕದ ಹಲ್ಲುಗಳಿಗೆ ಬಿಗಿದಿದ್ದರು. ಇವತ್ತು ನಾವು ಬ್ರಿಡ್ಜ್ ಅನ್ನೋದರ ಮುತ್ತಜ್ಜಿ ಅದು.

ಆಮೇಲೆ ರೋಮ್. ಕ್ರಿ.ಪೂ. 450ರ ಸುಮಾರಿಗೆ ಬಂದ ಹನ್ನೆರಡು ಫಲಕಗಳ ಕಾನೂನು ಶವದ ಜೊತೆ ಚಿನ್ನ ಇಡಬಾರದು ಅಂತ ಹೇಳಿತು. ಆದರೆ ಒಂದು ವಿನಾಯಿತಿ ಇತ್ತು: ಹಲ್ಲು ಕಟ್ಟಿದ ಚಿನ್ನವಾದರೆ ಹಾಗೇ ಹೂಳಬಹುದು, ಸುಡಬಹುದು. ಅಂದ್ರೆ ಬಾಯೊಳಗಿನ ಚಿನ್ನ ಸತ್ತವರದ್ದೇ.

ಈಗ ಒಂದು ದೊಡ್ಡ ಜಿಗಿತ: 19ನೇ ಶತಮಾನದ ಅಮೆರಿಕ. ಕ್ಯಾಪ್ ಹಾಕಬೇಕಂದ್ರೆ ಹಲ್ಲನ್ನು ಸುತ್ತಲೂ ಸವೆಸಬೇಕು. ಅದಕ್ಕೆ ವೇಗವಾಗಿ ತಿರುಗೋ ಯಂತ್ರ ಬೇಕು. 1871ರಲ್ಲಿ ಜೇಮ್ಸ್ ಮಾರಿಸನ್ ಹೊಲಿಗೆ ಮಿಷನ್ ಥರ ಕಾಲಲ್ಲಿ ತುಳಿಯೋ ಡ್ರಿಲ್‌ಗೆ ಪೇಟೆಂಟ್ ಪಡೆದ. ಕ್ಯಾಪ್, ಬ್ರಿಡ್ಜ್ ಕೆಲಸಕ್ಕೆ ದಾರಿ ಸಲೀಸಾಯ್ತು. ದಾರಿಯ ಜೊತೆ ಟೋಲ್ ಗೇಟ್ ಕೂಡ ಬಂತು!

ಅಲ್ಲಿನ ಡೆಂಟಿಸ್ಟ್‌ಗಳಿಗೆ ಇದರ ಬಿಸಿ ಮೊದಲೇ ತಟ್ಟಿತ್ತು. ಹಲ್ಲಿನ ಸೆಟ್‌ಗೆ ಬಳಸೋ ಗಟ್ಟಿ ರಬ್ಬರ್‌ನ ಪೇಟೆಂಟ್ ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿಯ ಕೈಲಿತ್ತು. ವರ್ಷಕ್ಕೆ ಲೈಸೆನ್ಸ್ ಫೀ, ಮೇಲೆ ಪ್ರತಿ ಸೆಟ್‌ಗೂ ರಾಯಲ್ಟಿ. ಕಂಪನಿಯ ಖಜಾಂಚಿ ಜೊಸೈಯಾ ಬೇಕನ್ ಊರೂರು ತಿರುಗಿ ಕೇಸ್ ಹಾಕ್ತಿದ್ದ. 1879ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲ್ ಒಂದರಲ್ಲಿ ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ಡೆಂಟಿಸ್ಟ್ ಅವನನ್ನು ಗುಂಡಿಟ್ಟು ಕೊಂದ. ಜೈಲಿಗೂ ಹೋದ. ಆ ಪೇಟೆಂಟ್ ಮುಗಿದದ್ದು 1881ರಲ್ಲಿ, ಅದೂ ತನ್ನ ಅವಧಿ ತೀರಿದ ಮೇಲೆ. ಬಂದೂಕಿನಿಂದ ಏನೂ ಬದಲಾಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ಕಂಪನಿ ಹುಟ್ಟಿತ್ತು: ಇಂಟರ್‌ನ್ಯಾಷನಲ್ ಟೂತ್ ಕ್ರೌನ್ ಕಂಪನಿ. ಕ್ಯಾಸಿಯಸ್ ರಿಚ್ಮಂಡ್‌ನ ಕ್ಯಾಪ್ ಪೇಟೆಂಟ್, ಜೇಮ್ಸ್ ಲೋನ ಬ್ರಿಡ್ಜ್ ಪೇಟೆಂಟ್ ಇಟ್ಕೊಂಡು ಮತ್ತೆ ಅದೇ ರಾಗ: ಕ್ಯಾಪ್ ಹಾಕ್ತೀರಾ? ದುಡ್ಡು ಕಟ್ಟಿ.

ಈ ಸಲ ಡೆಂಟಿಸ್ಟ್‌ಗಳು ಬೇರೆ ದಾರಿ ಹಿಡಿದರು. 1888ರಲ್ಲಿ ಚಿಕಾಗೋದ ಜೆ. ಎನ್. ಕ್ರೌಸ್ ಮುಂದಾಳತ್ವದಲ್ಲಿ ಡೆಂಟಲ್ ಪ್ರೊಟೆಕ್ಟಿವ್ ಅಸೋಸಿಯೇಷನ್ ಕಟ್ಟಿದರು. ಒಬ್ಬೊಬ್ಬರೇ ಲಾಯರ್ ಹಿಡಿದು ಸೋಲೋ ಬದಲು ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ಕೋರ್ಟ್ ಖರ್ಚು ಹಂಚಿಕೊಂಡರು. ಒಂಥರಾ ನಮ್ಮ ಚೀಟಿ ಫಂಡ್ ಲೆಕ್ಕ! 1891ರಲ್ಲಿ ಗೇಲಾರ್ಡ್ ಎಂಬುವರ ಮೇಲೆ ಹೂಡಿದ್ದ ಕೇಸಿನಲ್ಲಿ ಕಂಪನಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲೇ ಸೋತಿತು. ಬ್ರಿಡ್ಜ್ ಮೇಲಿನ ಜಗಳ ಇನ್ನೂ ಕೆಲವು ವರ್ಷ ಎಳೆಯಿತು.

ಈಗ ನನ್ನ ಚೀಟಿಗೆ ಬರೋಣ. ಮೇಣದಲ್ಲಿ ಆಕಾರ ಮಾಡಿ ಲೋಹ ಎರಕ ಹೊಯ್ಯೋದನ್ನು ಹಲ್ಲಿನ ಕೆಲಸದಲ್ಲಿ ಜನಪ್ರಿಯ ಮಾಡಿದ್ದು 1907ರಲ್ಲಿ ವಿಲಿಯಂ ಟ್ಯಾಗರ್ಟ್. ಲೋಹದ ಮೇಲೆ ಪಿಂಗಾಣಿ ಕೂರಿಸೋ ವಿಧಾನಕ್ಕೆ 1962ರಲ್ಲಿ ಪೇಟೆಂಟ್ ಸಿಕ್ಕಿತ್ತು, ಅದರ ಅವಧಿಯೂ ಮುಗಿದು ಎಷ್ಟೋ ಕಾಲವಾಯ್ತು. ಹಾಗಾಗಿ ಇವತ್ತು ಮೆಟಲ್ ಕ್ಯಾಪ್ ಹಾಕೋಕೆ ನಮ್ಮೂರ ಡಾಕ್ಟರ್ ಯಾವ ಕಂಪನಿಯ ಅಪ್ಪಣೆಯನ್ನೂ ಕೇಳಬೇಕಿಲ್ಲ. ನಾವು ಕೊಡೋದು ಡಾಕ್ಟರ್ ಕೆಲಸಕ್ಕೆ, ಲ್ಯಾಬ್‌ಗೆ, ಸಾಮಾನಿಗೆ.

ಕೊನೆಗೆ ಒಂದು ಸಣ್ಣ ಲೆಕ್ಕ. ಅಮ್ಮನಿಗೆ ಹೋಗಿರೋದು ಎರಡು ಹಲ್ಲು. ಬ್ರಿಡ್ಜ್ ಹಾಕೋಕೆ ಆ ಕಡೆ ಈ ಕಡೆ ಒಂದೊಂದು ಹಲ್ಲನ್ನು ಸವೆಸಿ ಕ್ಯಾಪ್ ಹಾಕಬೇಕು. ಒಟ್ಟು ನಾಲ್ಕು. ಮೆಟಲ್‌ನಲ್ಲಾದರೆ ನಾಲ್ಕು ಮೂರಲಿ ಹನ್ನೆರಡು ಸಾವಿರ. ನನ್ನ ಒಂದೇ ಒಂದು ಜಿರ್ಕೋನಿಯಾ ಕ್ಯಾಪ್‌ನ ರೇಟ್!

ಹಿಂದಿನ ಹಲ್ಲು, ನಕ್ಕರೂ ಕಾಣಲ್ಲ. ನನಗೆ ಮೆಟಲ್ ಸಾಕು ಅಂದೆ. ಉಳಿದ 9,000ಕ್ಕೆ ಇನ್ನು 3,000 ಸೇರಿಸಬೇಕು. ಪಕ್ಕದ ಹಲ್ಲುಗಳು ಗಟ್ಟಿ ಇದ್ದಾವಾ ಅಂತ ಡಾಕ್ಟರ್ ಎಕ್ಸ್‌ರೇ ತೆಗೆದು ನೋಡ್ತಾರಂತೆ. ಅಮ್ಮ ಇನ್ನೂ "ನನಗ್ಯಾಕೆ ಬಿಡೇ" ಅಂತಿದ್ದಾಳೆ. ಶನಿವಾರ ಅಪಾಯಿಂಟ್‌ಮೆಂಟ್ ಇದೆ, ಕರ್ಕೊಂಡು ಹೋಗ್ತೀನಿ.

ಮುಂದಿನ ವಾರ ಸಿಗೋಣ.