ಪ್ರತಿ ತುಂಡಿಗೂ ಒಂದೇ ನಂಬರು ಯಾಕೆ?

ಸ್ಯಾಮ್ಯುಯೆಲ್ ಕೋಲ್ಟ್ ರಿವಾಲ್ವರನ್ನಷ್ಟೇ ಮಾರಲಿಲ್ಲ, ಯಂತ್ರದ ಕಥೆಯನ್ನೂ ಮಾರಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಹೆಸರು ಮಾಡಿ, 1853ರಲ್ಲಿ ಥೇಮ್ಸ್ ದಡದ ಪಿಮ್ಲಿಕೊದಲ್ಲಿ ಕಾರ್ಖಾನೆಯನ್ನೇ ತೆರೆದ. ಬಿಡಿಭಾಗಗಳನ್ನೆಲ್ಲ ಯಂತ್ರವೇ ಕೊರೆಯುತ್ತದೆ ಎಂಬುದು ಅಲ್ಲಿನ ಹೆಮ್ಮೆ.

ಆದರೆ ಆ ಕಾಲದ ಕೋಲ್ಟ್ ರಿವಾಲ್ವರಿನ ನಳಿಗೆ, ಸಿಲಿಂಡರು, ಚೌಕಟ್ಟು, ಕೊನೆಗೆ ಪುಟ್ಟ ಬೆಣೆಯ ಮೇಲೂ ಒಂದೇ ನಂಬರು ಒತ್ತಿರುತ್ತದೆ. ಯಾವ ತುಂಡು ಯಾವುದಕ್ಕಾದರೂ ಹೊಂದುವುದಾದರೆ ಈ ನಂಬರು ಯಾಕೆ? ನನಗೆ ಇದೇ ದೊಡ್ಡ ಸಾಕ್ಷಿ. ಮೆದು ಲೋಹವಿದ್ದಾಗಲೇ ಅರದಿಂದ ಉಜ್ಜಿ ಹೊಂದಿಸಿ, ನಂಬರು ಒತ್ತಿ, ಬಳಿಕ ಗಡಸುಗೊಳಿಸಿ, ಅದೇ ಜೊತೆಗಳನ್ನು ಮತ್ತೆ ಕೂಡಿಸುತ್ತಿದ್ದರು.

ಕಷ್ಟವಿದ್ದದ್ದು ಸಿಲಿಂಡರು ಮತ್ತು ನಳಿಗೆ ಸೇರುವ ಜಾಗದಲ್ಲಿ. ತಿರುಗುವ ಐದಾರು ಗೂಡುಗಳೂ ಸರದಿಯಂತೆ ಒಂದೇ ನಳಿಗೆಗೆ ನೇರವಾಗಿ ಬಂದು ನಿಲ್ಲಬೇಕು. ನಡುವಿನ ಸಂದು ಹೆಚ್ಚಾದರೆ ಅನಿಲ ಸೋರುತ್ತದೆ. ಕಡಿಮೆಯಾದರೆ ಕಪ್ಪು ಮದ್ದಿನ ಮಸಿ ಸಿಲಿಂಡರನ್ನು ಹಿಡಿದುಬಿಡುತ್ತದೆ. ಗೂಡು ಕೂದಲೆಳೆಯಷ್ಟು ಓರೆಯಾದರೂ ಗುಂಡಿನ ಸೀಸ ನಳಿಗೆಯ ಅಂಚಿಗೆ ಸವರಿಹೋಗುತ್ತದೆ. ಆ ಓರೆಯನ್ನು ಸಹಿಸಲೆಂದೇ ನಳಿಗೆಯ ಹಿಂಬಾಯಿಯನ್ನು ಆಲಿಕೆಯಂತೆ ತುಸು ಅಗಲಿಸುವುದು. ಅದಕ್ಕೇ ‘ಫೋರ್ಸಿಂಗ್ ಕೋನ್’ ಎಂದು ಹೆಸರು.

ಆಗ ನಳಿಗೆ ನಿಲ್ಲುತ್ತಿದ್ದದ್ದು ಬೆಣೆಯ ಬಲದಿಂದ. 1873ರ ಸಿಂಗಲ್ ಆ್ಯಕ್ಷನ್ ಆರ್ಮಿಯಲ್ಲಿ ನಳಿಗೆಯನ್ನು ಚೌಕಟ್ಟಿಗೇ ತಿರುಪಿ ಕೂರಿಸಿದರು. ಬೆಣೆ ಹೋಯಿತು, ಹೊಸ ತಲೆನೋವು ಬಂತು: ತಿರುಪು ಬಿಗಿಯಾದ ಕ್ಷಣಕ್ಕೆ ಸರಿಯಾಗಿ ತುದಿಯ ಗುರಿಕಡ್ಡಿ ನೆಟ್ಟಗೆ ಮೇಲಕ್ಕೆ ಬಂದಿರಬೇಕು!